ಚೀಲದ ಬಾಯಿ ಹಿಡಿಯುವವರು ಯಾರು: ಐದು ಕೈಚೀಲಗಳ ವಿಮರ್ಶೆ

ಮೈಸೂರಿನ ನಮ್ಮ ಬೀದಿಯ ದರ್ಜಿಯೊಬ್ಬರು 2019ರ ಆಗಸ್ಟ್‌ನಲ್ಲಿ ನನಗೆ ದಪ್ಪ ಕೋರಾ ಬಟ್ಟೆಯ ಕೈಚೀಲವೊಂದನ್ನು ಹೊಲಿದುಕೊಟ್ಟರು. ಬಟ್ಟೆ, ಕೂಲಿ ಎರಡೂ ಸೇರಿ 120 ರೂಪಾಯಿ. ವಾರಕ್ಕೆ ಎರಡು ಸಲ ತರಕಾರಿಗೆಂದು ಹೊರಡುವ ನನ್ನ ಜೊತೆಯಲ್ಲಿ ಅದು ಆರು ವರ್ಷ ಬಂದಿದೆ. ಲೆಕ್ಕ ಹಾಕಿದರೆ ಐನೂರು ಸಲಕ್ಕೆ ಕಡಿಮೆಯಾಗದಂತೆ ತುಂಬಿದೆ, ಬರಿದಾಗಿದೆ. ಅದನ್ನೂ ಮನೆಯಲ್ಲಿರುವ ಇನ್ನು ನಾಲ್ಕು ಬಗೆಯ ಚೀಲಗಳನ್ನೂ, ಅಂದರೆ ಜರ್ಮನಿಯಿಂದ ತಂದ ಮಡಚುವ ಚೀಲ, ಜವಳಿ ಅಂಗಡಿಯವರು ಕೊಟ್ಟ ಚೀಲ, ಮದುವೆ ಮನೆಯ ತಾಂಬೂಲದ ಚೀಲ ಮತ್ತು ಅತ್ತೆಯವರ ಕಾಲದ ವೈರ್ ಬುಟ್ಟಿ, ಇವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಚೀಲದ ಗುಣವನ್ನು ಹೇಳುವಾಗ ಎಷ್ಟು ಭಾರ ಹೊರುತ್ತದೆ, ಎಷ್ಟು ದಿನ ಬಾಳುತ್ತದೆ, ಬೆಲೆ ಎಷ್ಟು ಎಂದು ಕೇಳುವುದು ವಾಡಿಕೆ. ಅವೆಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಒಂದು ಊರಿನಲ್ಲಿ ಚೆನ್ನಾಗಿ ಒಗ್ಗಿದ ಚೀಲ ಇನ್ನೊಂದು ಊರಿನಲ್ಲಿ ಕೈಕೊಡುವುದನ್ನು ಕಂಡ ಮೇಲೆ, ಅವಕ್ಕಿಂತ ಮೊದಲು ಕೇಳಬೇಕಾದದ್ದು ಬೇರೊಂದಿದೆ ಎಂದು ನನಗೆ ಅನ್ನಿಸಿದೆ: ಆ ಊರಿನಲ್ಲಿ ಚೀಲವನ್ನು ತುಂಬುವವರು ಯಾರು, ಮಾರುವವರೋ ಕೊಳ್ಳುವವರೋ?

ದೇವರಾಜ ಮಾರುಕಟ್ಟೆಯಲ್ಲಿ ತುಂಬುವವರು ಮಾರುವವರೇ. ನಾನು ಮಾಮೂಲಾಗಿ ಕೊಳ್ಳುವ ತರಕಾರಿಯಮ್ಮ ತಕ್ಕಡಿಯ ತಟ್ಟೆಯನ್ನು ಬಲಗೈಯಲ್ಲಿ ಎತ್ತಿ, ಎಡಗೈಯಿಂದ ನನ್ನ ಚೀಲದ ಅಂಚನ್ನು ತನ್ನ ಕಡೆಗೆ ಎಳೆದುಕೊಂಡು, "ಹಿಡೀರಿ ಅಮ್ಮಾ" ಎನ್ನುವಷ್ಟರಲ್ಲಿ ಒಂದು ಕಿಲೋ ಹುರುಳಿಕಾಯಿ ಒಳಗೆ ಬಿದ್ದಿರುತ್ತದೆ. ತಕ್ಕಡಿ ಈಗ ಎಲೆಕ್ಟ್ರಾನಿಕ್ ಆಗಿದೆ, ತಟ್ಟೆ ಮಾತ್ರ ಹಳೆಯದೇ. ಈ ಸುರಿಯುವ ಕ್ಷಣದಲ್ಲಿ ಚೀಲದ ಬಾಯಿ ತಟ್ಟೆಗಿಂತ ಅಗಲವಾಗಿ ತೆರೆದುಕೊಂಡಿರಬೇಕು. ಅದು ಜೋತುಬಿದ್ದರೆ ಕಾಲು ಭಾಗ ಕಾಯಿ ನೆಲಕ್ಕೆ ಬೀಳುತ್ತದೆ, ಹಿಂದೆ ನಿಂತ ಗಿರಾಕಿ ಗೊಣಗುತ್ತಾರೆ. ದರ್ಜಿಯವರು ಇದನ್ನು ನನಗಿಂತ ಚೆನ್ನಾಗಿ ಬಲ್ಲವರು. ಚೀಲದ ಬಾಯಿಯ ಸುತ್ತ ಬಟ್ಟೆಯನ್ನು ಎರಡು ಇಂಚು ಒಳಕ್ಕೆ ಮಡಚಿ ಮೂರು ಸಾಲು ಹೊಲಿಗೆ ಹಾಕಿದ್ದರಿಂದ ಅಂಚು ಗಡುಸಾಗಿ ನಿಲ್ಲುತ್ತದೆ. ಅಗಲ 16 ಇಂಚು, ಎತ್ತರ 18 ಇಂಚು, ಪಕ್ಕದ ಪಟ್ಟಿ 6 ಇಂಚು. ತಳಕ್ಕೆ ಅದೇ ಬಟ್ಟೆಯ ಇನ್ನೊಂದು ಪದರವಿದೆ. ಕೈಗಳನ್ನು ಬಾಯಿಯ ಅಂಚಿಗೆ ಬರಿದೆ ಅಂಟಿಸಿದಂತೆ ಹೊಲಿಯದೆ, ಚೀಲದ ಹೊಟ್ಟೆಯವರೆಗೂ ಇಳಿಸಿ, ಚೌಕದೊಳಗೆ ಇಂಟು ಗುರುತಿನ ಹೊಲಿಗೆ ಹಾಕಿದ್ದಾರೆ. ಹಿಡಿ ಎಷ್ಟು ಉದ್ದವೆಂದರೆ, ಸ್ಕೂಟರಿನ ಮುಂದಿನ ಕೊಕ್ಕೆಗೆ ಸಿಕ್ಕಿಸಿದಾಗ ಚೀಲದ ತಳ ಕಾಲಿಡುವ ಜಾಗಕ್ಕೆ ತಾಗಿ ಕೂರುತ್ತದೆ, ತಿರುವಿನಲ್ಲಿ ಓಲಾಡುವುದಿಲ್ಲ. ಅಳತೆ ಕೊಟ್ಟ ದಿನ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ "ಕೈಯಲ್ಲಿ ಹಿಡ್ಕೊಂಡು ಹೋಗ್ತೀರೋ, ಗಾಡಿಗೆ ಹಾಕ್ತೀರೋ?" ಎಂಬುದು.

ದೋಷಗಳಿಲ್ಲವೆಂದಲ್ಲ. ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸದೆ ಹೊಲಿದದ್ದರಿಂದ ಮೊದಲ ಒಗೆತಕ್ಕೇ ಅದು ಎತ್ತರದಲ್ಲಿ ಒಂದು ಇಂಚು ಕುಗ್ಗಿತು. ಎರಡನೆಯ ವರ್ಷ ಮಾವಿನಕಾಯಿ ಹೊತ್ತ ಒಂದು ದಿನ ಒಂದು ಕಡೆಯ ಹಿಡಿಯ ಹೊಲಿಗೆ ಬಿಟ್ಟಿತು, ಹತ್ತು ನಿಮಿಷದಲ್ಲಿ ದರ್ಜಿಯವರೇ ಸರಿಮಾಡಿಕೊಟ್ಟರು, ಹಣ ಪಡೆಯಲಿಲ್ಲ. ಇವೆರಡಕ್ಕಿಂತ ದೊಡ್ಡ ತೊಂದರೆ ಹಾಲಿನದು. ಬೆಳಗಿನ ಹಾಲಿನ ಪ್ಯಾಕೆಟ್ಟಿನ ಮೂಲೆ ಸೂಜಿಮೊನೆಯಷ್ಟು ತೂತಾಗಿದ್ದರೂ ಸಾಕು, ಬಟ್ಟೆ ಹಾಲನ್ನು ಹೀರಿಕೊಂಡು ಸಂಜೆಯ ಹೊತ್ತಿಗೆ ಹುಳಿನಾತ ಹೊಡೆಯುತ್ತದೆ. ಒಗೆದು ಬಿಸಿಲಿಗೆ ಹಾಕುವವರೆಗೂ ಅದನ್ನು ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಒಗೆದ ಚೀಲ ಒಣಗಲು ಎರಡು ದಿನ ಬೇಕು. ಹಾಗಾಗಿ ಒಂದೇ ಚೀಲ ಇಟ್ಟುಕೊಂಡವರ ಕೈಗೆ ಮೂರನೆಯ ದಿನ ಮತ್ತೆ ಪ್ಲಾಸ್ಟಿಕ್ ಕವರ್ ಬರುತ್ತದೆ. ಕೊಳ್ಳುವುದಾದರೆ ಒಂದೇ ಅಳತೆಯ ಎರಡು ಹೊಲಿಸಿಕೊಳ್ಳಿ.

ಚೀಲ ತಂದವರನ್ನು ನಮ್ಮ ಮಾರುಕಟ್ಟೆ ಹೇಗೆ ಕಾಣುತ್ತದೆ ಎಂಬುದೂ ಚೀಲದ ಉಪಯುಕ್ತತೆಯ ಒಂದು ಭಾಗವೇ. ತರಕಾರಿಯಮ್ಮ ಕವರುಗಳನ್ನು ತೂಕದ ಲೆಕ್ಕದಲ್ಲಿ ಕೊಂಡು, ಗೋಣಿತಾಟಿನ ಕೆಳಗೆ ಬಚ್ಚಿಟ್ಟುಕೊಂಡಿರುತ್ತಾರೆ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಗಳ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿದೆ. ಪಾಲಿಕೆಯವರು ಬಂದಾಗ ಸಾಮಾನ್ಯವಾಗಿ ದಂಡ ಕಟ್ಟುವವರು ಆಕೆಯೇ, ಕೇಳಿ ಪಡೆದ ಗಿರಾಕಿಯಲ್ಲ. "ಕವರ್ ಇಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಏನ್ ಮಾಡ್ಲಿ ಅಮ್ಮಾ" ಎಂಬುದು ಆಕೆಯ ಅಳಲು. ಆದ್ದರಿಂದ ನಾನು ಚೀಲ ಚಾಚಿದಾಗ ಆಕೆಯ ಮುಖ ಸ್ವಲ್ಪ ಸಡಿಲವಾಗುತ್ತದೆ, ಕೊಸರು ಸ್ವಲ್ಪ ಹೆಚ್ಚುತ್ತದೆ. ನಾಲ್ಕು ಹಸಿಮೆಣಸಿನಕಾಯಿಯ ಜಾಗದಲ್ಲಿ ಆರು, ಕರಿಬೇವಿನ ಒಂದು ಎಸಳಿನ ಜಾಗದಲ್ಲಿ ಎರಡು. ಆರು ವರ್ಷದ ಕೊಸರನ್ನು ಲೆಕ್ಕ ಹಿಡಿದರೆ 120 ರೂಪಾಯಿ ಎಂದೋ ತೀರಿದೆ.

ಆದರೂ ಬಹುಪಾಲು ಗಿರಾಕಿಗಳು ಕೈಬೀಸಿಕೊಂಡೇ ಬರುತ್ತಾರೆ. ಇದು ಸೋಮಾರಿತನವೆಂದು ಮೊದಲು ನಾನೂ ಅಂದುಕೊಂಡಿದ್ದೆ. ಕುಳಿತು ಯೋಚಿಸಿದರೆ ಅಷ್ಟು ಸುಲಭದ ಮಾತಲ್ಲ. ನಮ್ಮಲ್ಲಿ ಕೊಂಡ ಸಾಮಾನನ್ನು ಕಟ್ಟಿಕೊಡುವುದು ಅಂಗಡಿಯವರ ಮರ್ಯಾದೆಯ ವಿಷಯ. ನಾನು ಚಿಕ್ಕವಳಿದ್ದಾಗ ದಿನಸಿ ಅಂಗಡಿಯ ಶೆಟ್ಟರು ಹಳೆಯ ಪತ್ರಿಕೆಯನ್ನು ಸುರುಳಿ ಸುತ್ತಿ ಪೊಟ್ಟಣ ಮಾಡಿ, ತಲೆಯ ಮೇಲೆ ತೂಗುತ್ತಿದ್ದ ದಾರದ ಉಂಡೆಯಿಂದ ಎಳೆದು, ಎರಡು ಸುತ್ತು ಸುತ್ತಿ, ಬೆರಳಿನಲ್ಲೇ ಪಟಕ್ಕನೆ ಕಡಿಯುತ್ತಿದ್ದರು. ಕತ್ತರಿ ಬಳಸಿದ್ದನ್ನು ನಾನು ಕಂಡಿಲ್ಲ. ಪೊಟ್ಟಣಕ್ಕೆ ಯಾರೂ ಬೆಲೆ ಕೇಳುತ್ತಿರಲಿಲ್ಲ, ಕೊಡುತ್ತಲೂ ಇರಲಿಲ್ಲ. ಪೊಟ್ಟಣಗಳನ್ನೆಲ್ಲ ಹಾಕಿಕೊಳ್ಳಲು ಚೀಲ ಮಾತ್ರ ನಮ್ಮದು. ಚೀಲ ಮರೆತಿದ್ದರೆ ಗಂಡಸರಿಗೆ ಹೆಗಲ ಮೇಲಿನ ಟವೆಲ್ ಇತ್ತು, ಹೆಂಗಸರಿಗೆ ಸೆರಗಿತ್ತು. ಪ್ಲಾಸ್ಟಿಕ್ ಚೀಲ ಬಂದಾಗ ಅದು ಪೊಟ್ಟಣದ ಜಾಗವನ್ನೂ ಚೀಲದ ಜಾಗವನ್ನೂ ಒಂದೇ ಏಟಿಗೆ ಹಿಡಿಯಿತು. ಪೊಟ್ಟಣ ಬಿಟ್ಟಿಯಾಗಿದ್ದುದರಿಂದ ಚೀಲವೂ ಬಿಟ್ಟಿಯಾಯಿತು. ಮೈಸೂರು, ಬೆಂಗಳೂರಿನಲ್ಲಿ ನಾವು ಅದನ್ನು 'ಕವರ್' ಎಂದೇ ಕರೆಯುವುದು, ಹೊದಿಕೆ ಎಂಬ ಅರ್ಥದಲ್ಲಿ. ಚೀಲವೆನ್ನುವುದೇ ಇಲ್ಲ. ಮಂಗಳೂರು, ಉಡುಪಿಯ ಕಡೆ ಅದಕ್ಕೆ 'ತೊಟ್ಟೆ' ಎನ್ನುತ್ತಾರೆ. ಎರಡು ಹೆಸರಿನಲ್ಲೂ ಅದು ಸಾಮಾನಿನ ಜೊತೆಗೇ ಬರಬೇಕಾದ ಮೈಯ ಭಾಗದಂತಿದೆ, ಕೊಳ್ಳುವವರು ತರಬೇಕಾದ ವಸ್ತುವಿನಂತಿಲ್ಲ.

ಈ ಮರ್ಯಾದೆಯ ಭಾವನೆ ಕಾನೂನಿನ ಮೆಟ್ಟಿಲನ್ನೂ ಹತ್ತಿದೆ. ಕೇಂದ್ರ ಸರ್ಕಾರದ 2011ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಕೈಚೀಲವನ್ನು ಚಿಲ್ಲರೆ ವ್ಯಾಪಾರಿಗಳು ಉಚಿತವಾಗಿ ಕೊಡಕೂಡದು ಎಂದಿದ್ದವು. 2018ರ ತಿದ್ದುಪಡಿಯಲ್ಲಿ ಚೀಲಕ್ಕೆ ಬೆಲೆ ಕಟ್ಟುವ ನಿಯಮವೇ ಬಿದ್ದುಹೋಯಿತು. ಮರುವರ್ಷ, 2019ರಲ್ಲಿ, ಚಂಡೀಗಢದ ಗ್ರಾಹಕರ ವೇದಿಕೆಯೊಂದು ಗಿರಾಕಿಯಿಂದ ಕಾಗದದ ಚೀಲಕ್ಕೆ 3 ರೂಪಾಯಿ ಪಡೆದ ಪಾದರಕ್ಷೆ ಮಳಿಗೆಗೆ ದಂಡ ಹಾಕಿತು. ತನ್ನ ಹೆಸರು ಮುದ್ರಿಸಿದ ಚೀಲವನ್ನು ಗಿರಾಕಿಗೆ ಹೊರಿಸಿ, ಅದಕ್ಕೆ ಹಣವನ್ನೂ ಕೇಳುವುದು ಅನ್ಯಾಯ ಎಂಬ ವಾದ ನಮ್ಮವರಿಗೆ ತಕ್ಷಣ ಒಪ್ಪಿಗೆಯಾಗುವಂಥದ್ದೇ, ನನಗೂ ಅರ್ಧ ಒಪ್ಪಿಗೆಯಾಗಿತ್ತು. ಇದರ ಎದುರಿಗೆ ಐರ್ಲೆಂಡನ್ನು ಇಟ್ಟು ನೋಡಬೇಕು. ಅಲ್ಲಿ 2002ರ ಮಾರ್ಚ್ 4ರಿಂದ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ಬಂತು. ಅಂಗಡಿಯವರು ಅದನ್ನು ಗಿರಾಕಿಯಿಂದಲೇ ಪಡೆಯಬೇಕು, ತಾವು ಭರಿಸುವಂತಿಲ್ಲ. ತಲೆಗೆ ವರ್ಷಕ್ಕೆ ಸುಮಾರು 328 ಇದ್ದ ಚೀಲಗಳ ಬಳಕೆ ಸುಮಾರು 21ಕ್ಕೆ ಇಳಿಯಿತು. ಅದೇ 2002ರಲ್ಲಿ ಬಾಂಗ್ಲಾದೇಶ ತೆಳು ಪಾಲಿಥಿನ್ ಚೀಲವನ್ನು ಪೂರ್ತಿಯಾಗಿ ನಿಷೇಧಿಸಿತು. 1988 ಮತ್ತು 1998ರ ಪ್ರವಾಹಗಳಲ್ಲಿ ಚರಂಡಿಗಳು ಚೀಲಗಳಿಂದ ಕಟ್ಟಿಕೊಂಡು ಅನುಭವಿಸಿದ ಪಾಡು ಅದಕ್ಕೆ ಕಾರಣ. ಒಂದು ದೇಶಕ್ಕೆ ಚೀಲ ರಸ್ತೆಬದಿಯ ಕೊಳಕಾಗಿ ಕಂಡಿತು, ಇನ್ನೊಂದಕ್ಕೆ ಮನೆಯೊಳಗೆ ನುಗ್ಗುವ ನೀರಾಗಿ ಕಂಡಿತು, ನಮಗೆ ಅಂಗಡಿಯವರ ಸೌಜನ್ಯವಾಗಿ ಕಂಡಿದೆ.

ಕೊಳ್ಳುವವರೇ ಚೀಲ ತುಂಬುವ ಊರನ್ನು ನಾನು ಕಂಡದ್ದು 2023ರ ಬೇಸಿಗೆಯಲ್ಲಿ, ಮಗಳ ಮನೆಗೆಂದು ಜರ್ಮನಿಯ ಸ್ಟಟ್‌ಗಾರ್ಟಿಗೆ ಹೋಗಿ ನಾಲ್ಕು ತಿಂಗಳು ಇದ್ದಾಗ. ಮೊದಲ ವಾರ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಾನು ಪಟ್ಟ ಪೇಚಾಟವನ್ನು ಮಗಳು ಈಗಲೂ ಹೇಳಿ ನಗುತ್ತಾಳೆ. ಅಲ್ಲಿ ಕುಳಿತ ಹೆಂಗಸು ಸಾಮಾನುಗಳನ್ನು ಯಂತ್ರದ ಮುಂದೆ ಸರಸರನೆ ಆಡಿಸಿ ಆಚೆಗೆ ತಳ್ಳುತ್ತಾ ಹೋದಳು. ಆಚೆಗಿರುವ ಹಲಗೆ ಒಂದು ಮೊಳವೂ ಇಲ್ಲ. ನಾನು ಅಭ್ಯಾಸಬಲದಿಂದ ಚೀಲದ ಬಾಯಿ ಅಗಲಿಸಿ ಹಿಡಿದು, ಆಕೆ ಒಳಗೆ ಹಾಕಲಿ ಎಂದು ಕಾಯುತ್ತಾ ನಿಂತೆ! "ಅಮ್ಮಾ, ನಾವೇ ಹಾಕ್ಕೋಬೇಕು, ಬೇಗ" ಎಂದು ಮಗಳು ಪಿಸುಗುಟ್ಟುವ ಹೊತ್ತಿಗೆ ಹಿಂದಿನವರ ಮೊಸರಿನ ಬಾಟಲಿಗಳು ನಮ್ಮ ಎಲೆಕೋಸಿಗೆ ಬಂದು ತಾಗಿದ್ದವು. ಅಲ್ಲಿ ಅಂಗಡಿಯವರಿಗೆ ಚೀಲದ ಜೊತೆ ಯಾವ ಸಂಬಂಧವೂ ಇಲ್ಲ. ಚೀಲವನ್ನು ತರುವುದು, ತುಂಬುವುದು, ಹೊರುವುದು ಎಲ್ಲವೂ ಕೊಳ್ಳುವವರ ಪಾಲಿನ ಕೆಲಸ, ಮರೆತರೆ ಅದೂ ಅವರ ಪಾಲಿನ ಪ್ರಾರಬ್ಧ. ಒಂದು ಸಂಜೆ ನಡುವಯಸ್ಸಿನ ಒಬ್ಬರು ಒಂದು ಹೂಕೋಸು, ಎರಡು ಗಾಜಿನ ಮೊಸರಿನ ಬಾಟಲಿ ಮತ್ತು ಉದ್ದನೆಯ ಬ್ರೆಡ್ಡನ್ನು ಎದೆಗೆ ಅವಚಿಕೊಂಡು, ಬ್ರೆಡ್ಡನ್ನು ಗಲ್ಲದಿಂದ ಒತ್ತಿ ಹಿಡಿದು, ಮೊಣಕೈಯಿಂದ ಕಾರಿನ ಬಾಗಿಲು ತೆಗೆಯಲು ಹೆಣಗುತ್ತಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕಾಗದದ ಚೀಲಗಳು ಮಾರಾಟಕ್ಕಿದ್ದವು. ಚೀಲ ತರಲು ಮರೆತದ್ದಕ್ಕೆ ಹಣ ತೆರುವುದಕ್ಕಿಂತ ಈ ಕಷ್ಟವೇ ವಾಸಿ ಎಂದು ಅವರಿಗೆ ಅನ್ನಿಸಿರಬೇಕು.

ಜರ್ಮನಿಯಲ್ಲಿ 2022ರ ಜನವರಿ 1ರಿಂದೀಚೆಗೆ, 15ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಪ್ಲಾಸ್ಟಿಕ್ ಕೈಚೀಲಗಳನ್ನು ಅಂಗಡಿಗಳು ಕೊಡುವಂತಿಲ್ಲ. ಹಣ್ಣು ತರಕಾರಿ ಹಾಕಿಕೊಳ್ಳುವ, 15 ಮೈಕ್ರಾನಿಗಿಂತ ತೆಳುವಾದ ಚೀಲಗಳು ಮಾತ್ರ ಉರುಳೆಯಲ್ಲಿ ಸುತ್ತಿಕೊಂಡು ಇನ್ನೂ ಉಳಿದಿವೆ. ಆದರೆ ಅಲ್ಲಿನವರ ಚೀಲದ ಅಭ್ಯಾಸ ಈ ಕಾನೂನಿಗಿಂತ ಬಹಳ ಹಳೆಯದು. 'ಪ್ಲಾಸ್ಟಿಕ್ ಬದಲು ಸೆಣಬು' ಎಂಬ ಅರ್ಥದ ಘೋಷಣೆಯೊಂದು 1970ರ ದಶಕದಲ್ಲೇ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಜರ್ಮನಿಗೆ ಬಂದಿತ್ತು. ಆ ಸೆಣಬಿನ ಚೀಲಗಳನ್ನು ಹೊಲಿದವರು ಬಾಂಗ್ಲಾದೇಶದ ಹೆಂಗಸರು. ನಮ್ಮ ಮನೆಗಳಲ್ಲಿ ಅಕ್ಕಿಮೂಟೆಯ ಗೋಣಿ ಕಾಲೊರೆಸಿಕೊಳ್ಳುವ ಸ್ಥಾನಕ್ಕೆ ಇಳಿಯುತ್ತಿದ್ದ ಆ ವರ್ಷಗಳಲ್ಲಿ, ಅದೇ ನಾರಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆಯುವುದು ಅಲ್ಲಿನ ಓದಿದ ಹುಡುಗ ಹುಡುಗಿಯರಿಗೆ ಹೆಮ್ಮೆಯಾಗಿತ್ತು. ಮಗಳ ನೆರೆಮನೆಯ ಅಜ್ಜಿಯ ಬಾಗಿಲ ಹಿಡಿಕೆಯಲ್ಲಿ ಮಾಸಿದ ಬಟ್ಟೆಯ ಚೀಲವೊಂದು ಸದಾ ತೂಗುತ್ತಿತ್ತು. ಮಾಸಿದ್ದರಿಂದ ಅದರ ಮರ್ಯಾದೆಯೇನೂ ಕಡಿಮೆಯಾಗಿರಲಿಲ್ಲ. ನಮ್ಮಲ್ಲಿಯಾದರೆ ಮಾಸಿದ ಕೈಚೀಲ ಹಿಡಿದು ಮಾಲ್‌ನ ಒಳಗೆ ಹೋಗಲು ಅರ್ಧ ಜನ ಹಿಂಜರಿಯುತ್ತಾರೆ.

ಅಲ್ಲಿಂದ ತಂದ ಮಡಚುವ ಚೀಲದ ವಿಷಯಕ್ಕೆ ಬರುತ್ತೇನೆ. ಅದು ಪಾಲಿಯೆಸ್ಟರ್ ಬಟ್ಟೆಯದು. ಮಡಚಿದರೆ ಅಂಗೈಯೊಳಗೆ ಅಡಗುತ್ತದೆ, ಬಿಚ್ಚಿದರೆ ಹತ್ತು ಕಿಲೋ ಹೊರುತ್ತದೆ, ಒದ್ದೆಯಾದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಸ್ಟಟ್‌ಗಾರ್ಟಿನಲ್ಲಿ ಅದರಷ್ಟು ಒಳ್ಳೆಯ ಚೀಲವಿಲ್ಲ ಎನ್ನಿಸಿತ್ತು. ಮೈಸೂರಿಗೆ ತಂದ ಮೊದಲ ದಿನವೇ ಅದು ಸೋತಿತು. ಬಟ್ಟೆ ತೆಳುವಾದ್ದರಿಂದ ಬಾಯಿ ನಿಲ್ಲುವುದಿಲ್ಲ. ತರಕಾರಿಯಮ್ಮ ಎಡಗೈಯಿಂದ ಎಳೆದಷ್ಟೂ ಅದು ಬೆರಳಿನಿಂದ ಜಾರಿ ಮುಚ್ಚಿಕೊಳ್ಳುತ್ತದೆ. ಎರಡನೆಯ ಸಲ ಸುರಿಯುವಾಗ ನಾಲ್ಕು ಟೊಮೆಟೊ ಕೆಳಗುರುಳಿ, ಒಂದು ಆಕೆಯ ಸೊಪ್ಪಿನ ರಾಶಿಯನ್ನು ಸೇರಿತು. "ಇದ್ಯಾವ ಚೀಲ ತಂದಿದ್ದೀರಮ್ಮಾ, ಬಾಯೇ ಬಿಡಲ್ಲ" ಎಂದರು. ಉದ್ದನೆಯ ಹಿಡಿ ಹೆಗಲಿಗೆ ಹಾಕಿಕೊಂಡು ನಡೆಯುವವರಿಗೆ ಮಾಡಿದ್ದು. ಐದಡಿ ಎತ್ತರದ ನಾನು ಕೈಯಲ್ಲಿ ಹಿಡಿದರೆ ತಳ ನೆಲಕ್ಕೆ ತಾಗುತ್ತದೆ, ಸ್ಕೂಟರಿನ ಕೊಕ್ಕೆಗೆ ಹಾಕಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೀಲ ಕೆಟ್ಟದ್ದಲ್ಲ, ಅದನ್ನು ಮಾಡಿದವರ ಕಣ್ಣ ಮುಂದಿದ್ದ ಗಿರಾಕಿ ತಾನೇ ಒಂದೊಂದಾಗಿ ಸಾಮಾನು ಜೋಡಿಸಿಕೊಳ್ಳುವವರು. ಈಗ ಅದು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಆಪತ್ಕಾಲಕ್ಕೆಂದು ಕುಳಿತಿದೆ. ಔಷಧಿ ಅಂಗಡಿಗೂ ಬೇಕರಿಗೂ ಅದು ಬಹಳ ಚೆನ್ನಾಗಿ ಒದಗುತ್ತದೆ.

ಹಾಗಾದರೆ ನಮ್ಮೂರಿನಲ್ಲೂ ಕೊಳ್ಳುವವರೇ ಆರಿಸಿ ತುಂಬುವ ಸೂಪರ್‌ಮಾರ್ಕೆಟ್ಟುಗಳಿವೆಯಲ್ಲ, ಅಲ್ಲಿ ಈ ಚೀಲ ನಡೆಯಬೇಕಲ್ಲವೇ ಎಂದು ನಾನೂ ಅಂದುಕೊಂಡು, ಮನೆಯ ಹತ್ತಿರದ ಒಂದಕ್ಕೆ ಎರಡು ಚೀಲ ಹಿಡಿದು ಹೋದೆ. ಬಾಗಿಲಿನಲ್ಲೇ ಕಾವಲುಗಾರ ತಡೆದ. ಚೀಲಗಳನ್ನು ಹೊರಗಿನ ಕಪಾಟಿನಲ್ಲಿಟ್ಟು ಟೋಕನ್ ಪಡೆಯಬೇಕಂತೆ. ಖಾಲಿ ಚೀಲ, ಸಾಮಾನು ಹಾಕಿಕೊಳ್ಳಲೆಂದೇ ತಂದದ್ದು ಎಂದು ಬಿಡಿಸಿ ತೋರಿಸಿದೆ. "ಗೊತ್ತು ಮೇಡಂ, ರೂಲ್ಸು" ಎಂದ. ಪಾಪ, ಅವನ ತಪ್ಪಲ್ಲ. ಒಳಗೆ ಬಿಲ್ ಮಾಡಿದ ಹುಡುಗಿ, ಸಾಮಾನೆಲ್ಲ ಮುಂದೆ ಹರಡಿಕೊಂಡಿರುವಾಗ, "ಕ್ಯಾರಿಬ್ಯಾಗ್ ಬೇಕಾ ಮೇಡಂ, ಹನ್ನೆರಡು ರೂಪಾಯಿ" ಎಂದು ಕೇಳಿದಳು. ನನ್ನ ಚೀಲಗಳು ಮೂವತ್ತು ಅಡಿ ಆಚೆ, 47ನೆಯ ನಂಬರಿನ ಖಾನೆಯಲ್ಲಿದ್ದವು. ಸಾಮಾನನ್ನು ತಳ್ಳುಗಾಡಿಯಲ್ಲಿ ಮತ್ತೆ ತುಂಬಿ, ಬಾಗಿಲವರೆಗೆ ತಳ್ಳಿ, ಟೋಕನ್ ಕೊಟ್ಟು, ಚೀಲ ಬಿಡಿಸಿಕೊಂಡು, ಅಲ್ಲೇ ದಾರಿಗೆ ಅಡ್ಡ ನಿಂತು ತುಂಬಿಕೊಂಡೆ. ಚೀಲ ತರಲಿಲ್ಲವೆಂದು ಗಿರಾಕಿಯನ್ನು ದೂರುವ ಫಲಕ ಅದೇ ಬಾಗಿಲಿನ ಮೇಲೆ ಹಸಿರು ಅಕ್ಷರದಲ್ಲಿತ್ತು. ಸ್ಟಟ್‌ಗಾರ್ಟಿನಲ್ಲಿ ನಾಲ್ಕು ತಿಂಗಳಲ್ಲಿ ಒಬ್ಬರೂ ನನ್ನ ಚೀಲವನ್ನು ಹೊರಗಿಡಲು ಹೇಳಿರಲಿಲ್ಲ. ಕೊಳ್ಳುವವರು ಕದಿಯುತ್ತಾರೆ ಎಂಬ ಅನುಮಾನವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡ ಅಂಗಡಿಯಲ್ಲಿ ಎಂಥ ಚೀಲಕ್ಕೂ ಒಳ್ಳೆಯ ಅಂಕ ಬರುವುದು ಕಷ್ಟ.

ಆ ಹನ್ನೆರಡು ರೂಪಾಯಿಯ ಚೀಲವೂ, ಜವಳಿ ಅಂಗಡಿಗಳವರು ಸೀರೆ ಹಾಕಿಕೊಡುವ ಚೀಲವೂ ಒಂದೇ ಜಾತಿಯವು. ನೋಡಲು ಬಟ್ಟೆಯಂತಿದ್ದು, ಎಲ್ಲರೂ 'ಬಟ್ಟೆ ಬ್ಯಾಗ್' ಎಂದೇ ಕರೆಯುವ ಇದು ನಿಜವಾಗಿ ನೇಯದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಸಂಶಯವಿದ್ದವರು ಅಂಚಿನಿಂದ ಸಣ್ಣ ಚೂರು ಕತ್ತರಿಸಿ ಕಡ್ಡಿ ಗೀರಿ ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ, ಇದು ಮಾತ್ರ ಮುದುರಿ ಗಟ್ಟಿ ಮಣಿಯಾಗುತ್ತದೆ. ಇಂಥ ಚೀಲ ಚದರ ಮೀಟರಿಗೆ 60 ಗ್ರಾಮಿಗಿಂತ ತೆಳುವಾಗಿರಬಾರದು ಎಂದು ಕೇಂದ್ರದ ನಿಯಮ 2021ರ ಸೆಪ್ಟೆಂಬರ್ 30ರಿಂದ ಹೇಳುತ್ತದೆ. ನಮ್ಮ ಮನೆಗೆ ಬಂದವುಗಳಲ್ಲಿ ಎಷ್ಟು ಈ ಲೆಕ್ಕಕ್ಕೆ ನಿಲ್ಲುತ್ತವೋ ನಾನು ತೂಗಿ ನೋಡಿಲ್ಲ, ಆದರೆ ಕೆಲವದರ ಮೂಲಕ ಪತ್ರಿಕೆಯ ತಲೆಬರಹ ಓದಬಹುದು. ಇವುಗಳ ಹಿಡಿಯನ್ನು ಹೊಲಿಯದೆ ಕಾಯಿಸಿ ಒತ್ತಿ ಅಂಟಿಸಿರುತ್ತಾರೆ. ಎರಡು ಕಿಲೋ ಅಕ್ಕಿಗೆ ಪರವಾಗಿಲ್ಲ, ಐದು ಕಿಲೋ ಹಾಕಿದರೆ ಅಂಟು ಬಿಡುತ್ತದೆ. ತಾರಸಿಯ ಬಿಸಿಲಿನಲ್ಲಿ ಒಂದು ಬೇಸಿಗೆ ಬಿಟ್ಟ ಚೀಲವನ್ನು ಎತ್ತಿದರೆ ಕೈಗೆ ಬೂದಿಯಂತೆ ಪುಡಿ ಅಂಟಿತು. ಹಳೆಯ ಕವರಿಗಿಂತ ಇದು ವಾಸಿಯೋ ಅಲ್ಲವೋ ಎಂಬ ವಾದವನ್ನು ಬಲ್ಲವರಿಗೆ ಬಿಡುತ್ತೇನೆ, ತರಕಾರಿಗೆ ನಾನು ಇದನ್ನು ಒಯ್ಯುವುದಿಲ್ಲ.

ತಾಂಬೂಲದ ಚೀಲದ್ದು ಬೇರೆ ಕಥೆ. ಮದುವೆ, ಗೃಹಪ್ರವೇಶ, ಉಪನಯನದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಹಾಕಿ ಕೊಡಲು ಈಚೆಗೆ ಕವರ್ ಬಿಟ್ಟು ಹತ್ತಿಯ ಚೀಲ ಕೊಡುವವರು ಹೆಚ್ಚಿದ್ದಾರೆ. ಒಳ್ಳೆಯ ಬುದ್ಧಿಯೇ. ಆದರೆ ಒಂದು ತೆಂಗಿನಕಾಯಿಯ ಅಳತೆಗೆ ಹೊಲಿದ ಆ ಚೀಲದಲ್ಲಿ ಇನ್ನೊಂದು ತೆಂಗಿನಕಾಯಿಯಲ್ಲದೆ ಬೇರೇನು ಹಿಡಿಯುತ್ತದೆ? ನನ್ನ ಕಪಾಟಿನಲ್ಲಿ ಎಣಿಸಿದರೆ 37 ಇವೆ, ವಧೂವರರ ಹೆಸರು, ದಿನಾಂಕ, ಗಣಪತಿ ಸಮೇತ. ಬೀಸಾಡಲು ಮನಸ್ಸಿಲ್ಲ, ಬಳಸಲು ದಾರಿಯಿಲ್ಲ. ಇವು ಹೀಗೆ ಸುಮ್ಮನೆ ಕುಳಿತಿರುವುದರಿಂದ ನಷ್ಟವೇನು ಎಂದು ಕೇಳುವವರಿಗೆ ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಹೇಳಬೇಕು. ಪರಿಸರದ ಮೇಲಾಗುವ ಎಲ್ಲ ಬಗೆಯ ಪರಿಣಾಮಗಳನ್ನೂ ಗಣನೆಗೆ ತೆಗೆದುಕೊಂಡರೆ, ಸಾಮಾನ್ಯ ಹತ್ತಿಯ ಚೀಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಅದನ್ನು 7,100 ಸಲ ಬಳಸಬೇಕು, ಸಾವಯವ ಹತ್ತಿಯದಾದರೆ 20,000 ಸಲ. ವಾರಕ್ಕೆ ಎರಡರಂತೆ 7,100 ಸಲವೆಂದರೆ 68 ವರ್ಷ. ನನ್ನ ಚೀಲ ಮೊಮ್ಮಕ್ಕಳ ಕೈ ಸೇರಬೇಕಾಗುತ್ತದೆ.

ಆ ಸಂಖ್ಯೆಯನ್ನು ಹಿಡಿದುಕೊಂಡು ಬಟ್ಟೆಯ ಚೀಲವೇ ಮೋಸವೆಂದು ಹೇಳಿಕೊಂಡು ತಿರುಗುವವರಿದ್ದಾರೆ. ಅವರು ಅದೇ ವರದಿಯ ಇನ್ನೊಂದು ಸಾಲನ್ನು ಓದಿರುವುದಿಲ್ಲ. 7,100 ಎಂಬುದು ಓಜೋನ್ ಪದರದ ಮೇಲಿನ ಪರಿಣಾಮವನ್ನೂ ಸೇರಿಸಿದ ಲೆಕ್ಕ. ಹವಾಮಾನದ ಮೇಲಿನ ಪರಿಣಾಮವೊಂದನ್ನೇ ನೋಡಿದರೆ ಅದೇ ಚೀಲಕ್ಕೆ 52 ಸಲ ಸಾಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿಯ ಚೀಲಕ್ಕೆ 131 ಸಲವೆಂದಿತ್ತು. ದರ್ಜಿಯವರ ಚೀಲ ಎರಡನ್ನೂ ಎರಡು ವರ್ಷದೊಳಗೇ ದಾಟಿತು. ಮೇಲಾಗಿ, ಚರಂಡಿಗೆ ಅಡ್ಡ ಬೀಳುವುದು, ಬೀದಿ ಹಸುವಿನ ಹೊಟ್ಟೆ ಸೇರುವುದು ಈ ಸಂಖ್ಯೆಗಳೊಳಗೆ ಬರುವುದೇ ಇಲ್ಲ. ಡೆನ್ಮಾರ್ಕಿನಲ್ಲಿ ಬೀದಿಯಲ್ಲಿ ಹಸು ತಿರುಗುವುದಿಲ್ಲವಲ್ಲ. ಲೆಕ್ಕ ನಿಜವಾಗಿ ಚುಚ್ಚುವುದು ಕಪಾಟಿನ 37 ಚೀಲಗಳನ್ನು. ಒಂದೂ ಎರಡನೆಯ ಸಲ ಹೊರಬಂದಿಲ್ಲ.

ಇದೇ ಬಗೆಯ ಚೀಲ ನೆರೆಯ ತಮಿಳುನಾಡಿನಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಮದುವೆ ಮನೆಯಲ್ಲಿ ಕೊಡುತ್ತಿದ್ದ ಹಳದಿ ಬಟ್ಟೆಯ ಚೀಲ, 'ಮಂಜಪ್ಪೈ', ಪ್ಲಾಸ್ಟಿಕ್ ಬಂದ ಮೇಲೆ ಹಳ್ಳಿಗಮಾರರ ಗುರುತೆಂದು ಗೇಲಿಗೆ ಈಡಾಗಿತ್ತು. 2021ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ 'ಮೀಂಡುಂ ಮಂಜಪ್ಪೈ', ಅಂದರೆ ಮತ್ತೆ ಹಳದಿ ಚೀಲ, ಎಂಬ ಹೆಸರಿನಲ್ಲಿ ಅದನ್ನು ಮರಳಿ ತಂದಿತು. 10 ರೂಪಾಯಿ ಹಾಕಿದರೆ ಚೀಲ ಉದುರಿಸುವ ಯಂತ್ರವನ್ನೂ ಮಾರುಕಟ್ಟೆಯಲ್ಲಿ ನಿಲ್ಲಿಸಿದರು. ನನಗೆ ಇಷ್ಟವಾದದ್ದು ಯಂತ್ರವಲ್ಲ, ಯಾವ ಚೀಲ ಹಿಡಿಯಲು ಜನ ನಾಚುತ್ತಿದ್ದರೋ ಅದರ ಹೆಸರನ್ನೇ ಎತ್ತಿಕೊಂಡದ್ದು. ಮೈಸೂರಿನಿಂದ ಊಟಿಗೆ ಹೋಗುವವರಿಗೆ ನೀಲಗಿರಿಯ ಗಡಿಯ ತಪಾಸಣಾ ಠಾಣೆಯಲ್ಲಿ ಕವರು, ಬಾಟಲಿ ಹುಡುಕುವ ಸಿಬ್ಬಂದಿ ಗೊತ್ತೇ ಇರುತ್ತಾರೆ. ಅಲ್ಲಿಯವರೆಗೆ ಕವರಿನಲ್ಲಿ ಚಿಪ್ಸ್ ಹಂಚಿಕೊಂಡು ಬಂದ ನಮ್ಮವರೇ ಗಡಿ ಬಂದ ಕೂಡಲೇ ಸೀಟಿನ ಕೆಳಗಿನಿಂದ ಬಟ್ಟೆಯ ಚೀಲ ತೆಗೆಯುತ್ತಾರೆ, ಎಲ್ಲರ ಬಳಿಯೂ ಇದ್ದೇ ಇರುತ್ತದೆ.

ಐದನೆಯದು ವೈರ್ ಬುಟ್ಟಿ. ಪ್ಲಾಸ್ಟಿಕ್ ವೈರಿನಿಂದ ಅತ್ತೆಯವರೇ ಮಧ್ಯಾಹ್ನಗಳಲ್ಲಿ ಕುಳಿತು ಹೆಣೆದದ್ದು, ನೀಲಿ ಬಿಳಿ ಚೌಕಳಿ. ಮೂವತ್ತು ವರ್ಷ ದಾಟಿದೆ, ಒಂದು ಎಳೆ ಸಡಿಲವಾಗಿಲ್ಲ. ಬಾಯಿ ತಾನೇ ತೆರೆದು ನಿಲ್ಲುತ್ತದೆ, ಯಾರೂ ಹಿಡಿಯಬೇಕಾಗಿಲ್ಲ. ಟೊಮೆಟೊ ನಜ್ಜುವುದಿಲ್ಲ. ಹಾಲು ಸೋರಿದರೆ ನಲ್ಲಿಯ ಕೆಳಗೆ ಹಿಡಿದರೆ ಮುಗಿಯಿತು. ಕಸವಾಗದ ಪ್ಲಾಸ್ಟಿಕ್ ಎಂದರೆ ಇದೇ ಇರಬೇಕು. ಮಡಚಲು ಬರುವುದಿಲ್ಲ ಎಂಬುದೊಂದೇ ಕೊರತೆ. ಅತ್ತೆಯವರಿಗೆ ಅದು ತರಕಾರಿಯದು ಮಾತ್ರ. ದೇವರ ಹೂವು ಅದರೊಳಗೆ ಬರುವಂತಿರಲಿಲ್ಲ, ಬಾಳೆ ಎಲೆಯಲ್ಲಿ ಸುತ್ತಿಸಿಕೊಂಡು ಇನ್ನೊಂದು ಕೈಯಲ್ಲಿ ತರುತ್ತಿದ್ದರು. ಮಡಿಯ ಕಾರಣಕ್ಕೆ ಅವರು ಬೇರೆಬೇರೆ ಚೀಲ ಇಟ್ಟುಕೊಂಡಿದ್ದರು. ನಾನು ಮಡಿ ಮಾಡುವವಳಲ್ಲ, ಆದರೂ ಮೀನಿಗೆ ಸ್ಟೀಲಿನ ಡಬ್ಬಿ, ಸೊಪ್ಪಿಗೆ ಒದ್ದೆಬಟ್ಟೆ, ದಿನಸಿಗೆ ದರ್ಜಿಯವರ ಚೀಲ ಎಂದು ಹಂಚಿಕೊಂಡು ನೋಡಿದರೆ ನಾನೂ ಅವರ ದಾರಿಗೇ ಬಂದಿದ್ದೇನೆ.

ತರಕಾರಿ ಮಾರುಕಟ್ಟೆಗೆ ದರ್ಜಿಯವರ ಚೀಲಕ್ಕೆ ಐದಕ್ಕೆ ನಾಲ್ಕೂವರೆ ಅಂಕ, ಹಾಲಿನ ನಾತಕ್ಕೆ ಅರ್ಧ ಕಳೆದಿದ್ದೇನೆ. ಟೊಮೆಟೊ, ಮಾವು, ದ್ರಾಕ್ಷಿ ಕೊಳ್ಳುವ ದಿನ ವೈರ್ ಬುಟ್ಟಿಗೆ ಐದು. ಮಡಚುವ ಚೀಲಕ್ಕೆ ಇಲ್ಲಿ ಎರಡೂವರೆ, ಸ್ಟಟ್‌ಗಾರ್ಟಿನಲ್ಲಿ ಐದು. ಜವಳಿ ಅಂಗಡಿಯದಕ್ಕೆ ಒಂದೂವರೆ. ತಾಂಬೂಲದ್ದಕ್ಕೆ ಅಂಕ ಕೊಡುವುದು ಸಭ್ಯತೆಯಲ್ಲ.

ಹೊಲಿಸುವವರಿಗೆ ಒಂದೆರಡು ಮಾತು: ಬಟ್ಟೆಯನ್ನು ಒಂದು ರಾತ್ರಿ ನೆನೆಸಿ ಒಣಗಿಸಿಯೇ ದರ್ಜಿಗೆ ಕೊಡಿ. ಬಾಯಿಯ ಅಂಚಿಗೆ ಎರಡು ಇಂಚಿನ ಮಡಿಕೆ ಬೇಕೇ ಬೇಕೆಂದು ಹೇಳಿ. ಹಿಡಿಯ ಉದ್ದವನ್ನು ಸ್ಕೂಟರಿನ ಕೊಕ್ಕೆಯಿಂದ ಅಳೆದುಕೊಂಡು ಹೋಗಿ. ಹೋದ ತಿಂಗಳು ಮಗಳಿಗೆಂದು ಎರಡು ಚೀಲಕ್ಕೆ ಅಳತೆ ಕೊಟ್ಟೆ, ಈಗ ಒಂದಕ್ಕೆ 200 ರೂಪಾಯಿ ಆಗಿದೆ. ಹಿಡಿ ಹತ್ತು ಇಂಚು ಉದ್ದವಿರಲಿ, ಬಾಯಿ ಇಷ್ಟು ಅಗಲ ಬೇಡ, ಒಳಗೆ ಬಾಟಲಿ ನಿಲ್ಲಲು ಒಂದು ಖಾನೆ ಇರಲಿ ಎಂದು ಅವಳು ಫೋನಿನಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ದರ್ಜಿಯವರು ಚೀಟಿಯನ್ನು ಎರಡು ಸಲ ಓದಿ, ಕನ್ನಡಕವನ್ನು ಹಣೆಗೆ ಏರಿಸಿ, "ಬಾಯಿ ಚಿಕ್ಕದಾದ್ರೆ ಅಂಗಡಿಯವರು ಹೇಗಮ್ಮಾ ಸುರೀತಾರೆ?" ಎಂದು ಕೇಳಿದರು. ಅಲ್ಲಿ ಯಾರೂ ಸುರಿಯುವುದಿಲ್ಲವೆಂದು ವಿವರಿಸಿದೆ. ನಂಬಿದಂತೆ ಕಾಣಲಿಲ್ಲ. ಚೀಲ ತರಲು ಹೋದಾಗ ನೋಡಿದರೆ ಹಿಡಿಯೂ ಖಾನೆಯೂ ಹೇಳಿದಂತೆಯೇ ಇದ್ದವು, ಬಾಯಿ ಮಾತ್ರ 16 ಇಂಚೇ ಇತ್ತು.